ಉಳಿತಾಯಕ್ಕನ ಮೆತ್ತನೆ ಬಟ್ಟೆ

ಲಾಡ್ಜಿನ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು ತಮ್ಮೊಡನೆ ದುಡಿಯುವ ಅವಳಿಗೆ ಉಳಿತಾಯಕ್ಕ ಎಂದು ಹೆಸರಿಟ್ಟಿದ್ದರು. ಇಟ್ಟದ್ದು ತಮಾಷೆಗೆ. ಆದರೆ ಹೆಸರು ಅಂಟಿಕೊಂಡು, ಸಂಬಳ ಕೊಡುವ ಗುಮಾಸ್ತನೂ ಹಾಗೆಯೇ ಕೂಗತೊಡಗಿದ್ದ. ಅವಳಿಗೇನೂ ಬೇಸರವಿರಲಿಲ್ಲ. ಟೂತ್‌ಪೇಸ್ಟಿನ ಟ್ಯೂಬನ್ನು ಉದ್ದಕ್ಕೆ ಸೀಳಿ ಬೆರಳಲ್ಲಿ ಬಳಿದು ತೆಗೆಯುವವಳು, ಸವೆದ ಸೋಪಿನ ಚೂರುಗಳನ್ನು ಒತ್ತಿ ಉಂಡೆ ಮಾಡಿ ಇನ್ನೊಂದು ಸೋಪು ಹುಟ್ಟಿಸುವವಳು, ಆ ಹೆಸರಿಗೆ ಹೇಳಿ ಮಾಡಿಸಿದ ಹಾಗಿದ್ದಳು. ಜಿಪುಣಿ ಎನ್ನುವವರೂ ಇದ್ದರು. ಅಂಥವರು ಒಂಟಿ ಸಂಬಳದಲ್ಲಿ ಬಾಡಿಗೆ ಕಟ್ಟಿ, ಮಗಳನ್ನು ಓದಿಸಿ ನೋಡಲಿ, ಆಮೇಲೆ ಮಾತಾಡಲಿ.

ಗಂಡ ಲಾರಿ ಓಡಿಸಲು ದೂರ ಹೋದವನು ಮೊದಮೊದಲು ದುಡ್ಡು ಕಳಿಸಿದ, ಆಮೇಲೆ ಬರೀ ಸುದ್ದಿ ಕಳಿಸಿದ, ಆಮೇಲೆ ಅದೂ ನಿಂತುಹೋಯಿತು. ಅತ್ತು ಕೂರಲು ಅವಳಿಗೆ ಪುರುಸೊತ್ತು ಸಿಗಲಿಲ್ಲ. ಮಹಡಿಯ ಮೇಲೊಂದು ಕೋಣೆ, ಮೂಲೆಯಲ್ಲಿ ಒಲೆ, ಬಟ್ಟೆ ಒಣಗಿಸಲು ಕಿಟಕಿಗೆ ಅಡ್ಡ ಕಟ್ಟಿದ ಹಗ್ಗ, ಎರಡು ಹಾಸಿಗೆ. ಅಷ್ಟರಲ್ಲಿ ತಾಯಿ ಮಗಳು ಬದುಕು ಸಾಗಿಸಿದರು.

ಇಷ್ಟೆಲ್ಲ ಖರ್ಚುಗಳಲ್ಲಿ ಅವಳ ಹೊಟ್ಟೆ ಉರಿಸುತ್ತಿದ್ದದ್ದು ಒಂದೇ. ಅಕ್ಕಿ ತಂದರೆ ಹೊಟ್ಟೆಗೆ ಹೋಗುತ್ತದೆ, ಚಪ್ಪಲಿ ತಂದರೆ ಕಾಲಲ್ಲಿರುತ್ತದೆ. ಈ ಪ್ಯಾಡು ಅಂಗಡಿಯಿಂದ ಬಂದು ಸೀದಾ ಕಸದ ಬುಟ್ಟಿಗೆ! "ದುಡ್ಡನ್ನ ಕಾಗದದಲ್ಲಿ ಸುತ್ತಿ ಎಸೆಯೋದು ಅಂದ್ರೆ ಇದೇ ನೋಡು" ಎಂದು ಲಾಂಡ್ರಿಯಲ್ಲಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು. ತಾನು ಹುಡುಗಿಯಾಗಿದ್ದಾಗಿನಿಂದಲೂ ಹಳೆಬಟ್ಟೆಯಲ್ಲೇ ಮುಟ್ಟಿನ ದಿನಗಳನ್ನು ಕಳೆದವಳು. ಆದರೆ ಮಗಳಿಗೆ ಮಾತ್ರ, ಶಾಲೆಗೆ ಹೋಗುವ ಹುಡುಗಿ ಎಂದು, ಅಂಗಡಿಯದ್ದನ್ನೇ ತರಿಸುತ್ತಿದ್ದಳು. ಮಗಳು ಬಂದು "ಅಮ್ಮ, ಮುಗೀತು" ಎಂದರೆ ಸಾಕು. ಏನು ಮುಗಿಯಿತು ಎಂದು ಕೇಳುತ್ತಿರಲಿಲ್ಲ. ಉದ್ದಕ್ಕೊಂದು ಉಸಿರು ಬಿಟ್ಟು, ಎದ್ದು, ಡಬ್ಬಿಯಿಂದ ದುಡ್ಡು ತೆಗೆದು ಕೊಡುತ್ತಿದ್ದಳು. ಒಂದು ದಿನವೂ ಬೈದಿಲ್ಲ, ಒಂದು ದಿನವೂ ಇಲ್ಲ ಎಂದಿಲ್ಲ. ತಾಯಿಯಾಗಿ ಅದೊಂದು ಹೆಮ್ಮೆ ಅವಳಿಗೆ ಒಳಗೊಳಗೇ ಇತ್ತು.

ಓದು ಮುಗಿಸಿದ ಮಗಳಿಗೆ ಹಲ್ಲಿನ ಡಾಕ್ಟರ ಬಳಿ ಕೆಲಸ ಸಿಕ್ಕಿತು. ಬಾಗಿಲ ಎದುರಿನ ಮೇಜಿನಲ್ಲಿ ಕೂತು, ಬಂದವರ ಹೆಸರು ಕೇಳಿ, ಯಾರು ಯಾವಾಗ ಒಳಗೆ ಹೋಗಬೇಕು ಎಂದು ಹೇಳುವ ಕೆಲಸ. ಕೆನೆ ಬಣ್ಣದ ಗೋಡೆ, ಕೆನೆ ಬಣ್ಣದ ಕುರ್ಚಿ, ಹುಡುಗಿಗೆ ಕೊಟ್ಟ ಸಮವಸ್ತ್ರವೂ ಕೆನೆ ಬಣ್ಣದ್ದೇ. ಮೊದಲು ಸ್ವಲ್ಪ ದಿನ ಕೆಲಸ ನೋಡುತ್ತೇವೆ, ಒಪ್ಪಿಗೆಯಾದರೆ ಕಾಯಂ ಎಂದಿದ್ದರು. ಅದೇ ಹೊತ್ತಿಗೆ ಮನೆ ಮಾಲೀಕ ಬಾಡಿಗೆ ಏರಿಸಿದ. ಮಗಳ ಕೆಲಸ ಕಾಯಮಾದರೆ ಸರಿ, ಇಲ್ಲದಿದ್ದರೆ ಕೋಣೆ ಬಿಡಬೇಕು. ಇದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಟ್ಟು ಆಡಲಿಲ್ಲ.

ಆಗ ಉಳಿತಾಯಕ್ಕನ ತಲೆ ಓಡಿತು. ಲಾಡ್ಜಿನಲ್ಲಿ ಅಂಚು ಹರಿದ ಟವೆಲ್ಲುಗಳನ್ನು ಕೆಲಸದವರು ಮನೆಗೆ ಒಯ್ಯಬಹುದಿತ್ತು. ಅವನ್ನು ತಂದು ಕತ್ತರಿಸಿ, ಪದರದ ಮೇಲೆ ಪದರವಿಟ್ಟು, ಸುತ್ತ ಹೊಲಿಗೆ ಹಾಕಿ, ರೆಕ್ಕೆಗೆ ಗುಂಡಿ ಇಟ್ಟು, ಅಂಗಡಿಯವರು ನಾಚಬೇಕು ಹಾಗೆ ಬಟ್ಟೆಯ ಪ್ಯಾಡು ಮಾಡಿದಳು. ಒಂದನ್ನು ತಾನೇ ಬಳಸಿ ನೋಡಿದಳು. ಒಂದು ಹನಿ ಆಚೆ ಬರಲಿಲ್ಲ. ಆದರೆ ಬಟ್ಟೆ ಸ್ವಲ್ಪ ಒರಟು. ತನಗಾದರೆ ನಡೆಯುತ್ತದೆ, ಮಗಳಿಗೆ ನಡೆಯುತ್ತದೆಯೇ? ಉಳಿತಾಯಕ್ಕ ವರ್ಷಗಟ್ಟಲೆ ದುಡಿದದ್ದು ಹಾಸಿಗೆ ಬಟ್ಟೆಯ ಮಷೀನಿನಲ್ಲಿ. ಹೊದಿಕೆ, ದಿಂಬಿನ ಚೀಲ ಎಲ್ಲಕ್ಕೂ ಕೊನೆಯ ನೀರಿನಲ್ಲಿ ಸಾಫ್ಟ್‌ನರ್ ಹಾಕಿದರೆ ಮೆತ್ತಗೆ ಘಮ್ಮೆನ್ನುತ್ತಿದ್ದವು. ಖಾಲಿ ಕ್ಯಾನುಗಳ ತಳದಲ್ಲಿ ಉಳಿದದ್ದನ್ನು ಬಸಿದು ಸೀಸೆಗೆ ತುಂಬಿಕೊಂಡಳು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ, ಹೇಗೂ ಚರಂಡಿಗೆ ಹೋಗುವಂಥದ್ದು. ಮಗಳಿಗೆಂದು ಹೊಲಿದದ್ದನ್ನೆಲ್ಲ ಅದರಲ್ಲಿ ಚೆನ್ನಾಗಿ ನೆನೆಸಿ, ಹಿಂಡಿ, ಬಿಸಿಲಿಗೆ ಒಣಗಿಸಿದಳು. ಕೆನ್ನೆಗೆ ಒತ್ತಿಕೊಂಡು ನೋಡಿದಳು. ಮಗುವಿನ ತಲೆ ಮುಟ್ಟಿದ ಹಾಗಿತ್ತು.

"ಬೇಡಮ್ಮ, ಅಲ್ಲಿ ದಿನವಿಡೀ ಕೂತೇ ಇರ್ಬೇಕು. ಭಯ ಆಗತ್ತೆ" ಎಂದಳು ಮಗಳು.

"ಒಂದು ಜನ್ಮ ಬಟ್ಟೆ ಜೊತೆ ಕಳೆದಿದೀನಿ ಕಣೇ. ನಾನೇ ಹಾಕ್ಕೊಂಡು ನೋಡಿದೀನಿ. ನಿನ್ನ ಅಮ್ಮನ ಮೇಲೆ ನಂಬಿಕೆ ಇಲ್ವಾ?"

ನಂಬಿಕೆಯ ಮಾತು ಬಂದ ಮೇಲೆ ಹುಡುಗಿ ಏನು ಹೇಳಿಯಾಳು. ಒಂದನ್ನು ಮುಟ್ಟಿ ನೋಡಿ, "ಮೆತ್ತಗಿದೆ" ಎಂದು ಚೀಲಕ್ಕೆ ಹಾಕಿಕೊಂಡಳು. ಅಮ್ಮನ ಮುಖ ಅರಳಿತು.

ಮುಟ್ಟಾದ ದಿನ ಮಗಳು ಮಧ್ಯಾಹ್ನಕ್ಕೇ ಮನೆಗೆ ಬಂದಳು. ಸೊಂಟಕ್ಕೆ ಸ್ವೆಟರ್ ಬಿಗಿದು ಕಟ್ಟಿಕೊಂಡಿದ್ದಳು. ಬೀದಿಯುದ್ದಕ್ಕೂ ಗೋಡೆಗೆ ಬೆನ್ನು ಕೊಟ್ಟು ನಡೆದು ಬಂದವಳ ಭುಜದಲ್ಲಿ ಸುಣ್ಣ ಹತ್ತಿತ್ತು. ಆ ದಿನ ಉಳಿತಾಯಕ್ಕನಿಗೆ ರಜೆ, ಮನೆಯಲ್ಲೇ ಇದ್ದಳು. ಏನಾಯಿತು ಎಂದು ಕೇಳುವ ಮೊದಲೇ ಹುಡುಗಿ ಬಿಕ್ಕತೊಡಗಿದಳು. ಕಾಯುತ್ತ ಕೂತಿದ್ದ ಮುದುಕರೊಬ್ಬರು ಒಳ್ಳೆಯ ಮನಸ್ಸಿನಿಂದಲೇ "ಮಗೂ, ನಿನಗೇನೋ ಗಾಯ ಆಗಿರಬೇಕು ನೋಡು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದರು. ಸಾಲಾಗಿ ಕೂತವರೆಲ್ಲ ಒಮ್ಮೆ ಕುರ್ಚಿ ನೋಡಿದರು, ಒಮ್ಮೆ ಅವಳನ್ನು ನೋಡಿದರು, ಆಮೇಲೆ ಒಟ್ಟಿಗೇ ಕೈಯಲ್ಲಿದ್ದ ಫೋನು ನೋಡಿದರು. ಡಾಕ್ಟರಮ್ಮ ಬೈಯಲಿಲ್ಲ. ಮನೆಗೆ ಹೋಗು ಎಂದು ಹೇಳಿ, ಕುರ್ಚಿ ಒರೆಸಲು ಆಯಾಳನ್ನು ಕರೆದರು.

"ನಾನಿನ್ನು ಅಲ್ಲಿಗೆ ಹೋಗಲ್ಲ. ಸತ್ರೂ ಹೋಗಲ್ಲ."

ಇಲ್ಲಿ ಉಳಿತಾಯಕ್ಕ ಮಗಳನ್ನು ತಬ್ಬಿಕೊಂಡು ಸುಮ್ಮನಿದ್ದಿದ್ದರೆ ಈ ಕಥೆ ಇಷ್ಟು ನೋಯುತ್ತಿರಲಿಲ್ಲ. ಆದರೆ ಅವಳಿಗೆ ಮೊದಲು ನೆನಪಾದದ್ದು ತನ್ನ ಹೊಲಿಗೆ. "ನಾನು ಮಾಡಿದ್ದು ಸೋರೋದಾ? ಸಾಧ್ಯನೇ ಇಲ್ಲ. ನೀನೇ ಸರಿಯಾಗಿ ಇಟ್ಕೊಂಡಿಲ್ಲ. ಗುಂಡಿ ಹಾಕಿದ್ಯಾ?"

"ಹಾಕಿದ್ದೆ."

"ಹೊತ್ತಿಗೆ ಸರಿಯಾಗಿ ಬದಲಾಯಿಸಿದ್ಯಾ?"

"ಬೆಳಿಗ್ಗೆಯಿಂದ ಎರಡನೇದು ಅಮ್ಮ ಅದು."

"ಹಾಗಿದ್ರೆ ಹೇಗೆ ಸೋರತ್ತೆ? ಸುಳ್ಳು ಹೇಳ್ಬೇಡ. ಪೇಟೆ ಪ್ಯಾಡೇ ಬೇಕು ಅಂತ ಇದ್ರೆ ಬಾಯಿ ಬಿಟ್ಟು ಕೇಳು, ಇಂಥ ನಾಟಕ ಯಾಕೆ?"

ಮಗಳ ಅಳು ಅಲ್ಲಿಗೇ ನಿಂತಿತು. ಅಮ್ಮನನ್ನು ಒಂದು ಕ್ಷಣ ನೋಡಿ, ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಸಂಜೆ ಡಾಕ್ಟರಮ್ಮನ ಫೋನು ಬಂದಾಗ ಎತ್ತಿದ್ದು ಉಳಿತಾಯಕ್ಕನೇ. ಸೋಮವಾರದೊಳಗೆ ಬಂದರೆ ಸರಿ, ಇಲ್ಲವಾದರೆ ಬೇರೆ ಹುಡುಗಿಯನ್ನು ನೋಡಿಕೊಳ್ಳಬೇಕಾಗುತ್ತದೆ ಎಂದರು. ಇವಳು ಗೋಡೆಯ ಕಡೆ ತಿರುಗಿ ಮಲಗಿದ್ದ ಮಗಳ ಬೆನ್ನಿಗೇ ಆ ಮಾತನ್ನು ಹೇಳಿದಳು. ಬೆನ್ನು ಅಲ್ಲಾಡಲಿಲ್ಲ.

ಆ ವಾರ ಮನೆಯಲ್ಲಿ ತಟ್ಟೆ ಲೋಟದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಶನಿವಾರ ಲಾಂಡ್ರಿಯಲ್ಲಿ ಟವೆಲ್ ಮಷೀನಿನವಳಿಗೆ ಮೈ ಸರಿಯಿಲ್ಲವೆಂದು ಹೊಸ ಹುಡುಗಿಯೊಬ್ಬಳನ್ನು ನಿಲ್ಲಿಸಿದ್ದರು. ಮಧ್ಯಾಹ್ನದ ಹೊತ್ತಿಗೆ ಮೇಲ್ವಿಚಾರಕ ಧಡಧಡ ಮೆಟ್ಟಿಲಿಳಿದು ಬಂದ.

"ಯಾರಮ್ಮ ಟವೆಲ್ಲಿಗೆ ಸಾಫ್ಟ್‌ನರ್ ಸುರಿದಿದ್ದು? ಮೇಲೆ ರೂಮಿನವರು ಬಾಯಿಗೆ ಬಂದಂಗೆ ಬೈತಿದಾರೆ. ಒರೆಸ್ಕೊಂಡ್ರೆ ನೀರು ಮೈಮೇಲೇ ಜಾರ್ತಿದೆಯಂತೆ!"

"ಮೆತ್ತಗಾಗ್ಲಿ ಅಂತ ಹಾಕ್ದೆ ಸಾರ್" ಎಂದಳು ಹುಡುಗಿ.

"ಮೆತ್ತಗಾಗತ್ತೆ, ಆದ್ರೆ ಹೀರಲ್ಲ. ಬಟ್ಟೆ ಮೇಲೆ ಜಿಡ್ಡು ಕೂರತ್ತೆ. ಅದಕ್ಕೇ ಟವೆಲ್ಲಿಗೆ ಅದನ್ನ ಮುಟ್ಟಿಸಲ್ಲ. ಹಾಸಿಗೆ ಬಟ್ಟೆಗೆ ಮಾತ್ರ ಅದು."

ಉಳಿತಾಯಕ್ಕನ ಕೈಯಲ್ಲಿದ್ದ ಒದ್ದೆ ಹೊದಿಕೆ ಹಾಗೇ ನಿಂತಿತು. ಅವಳು ಹಾಸಿಗೆ ಬಟ್ಟೆಯವಳು. ಟವೆಲ್ ಮಷೀನು ಮೂರು ಹೆಜ್ಜೆ ಆಚೆಗಿದ್ದರೂ ಅಲ್ಲಿ ಏನು ಹಾಕುತ್ತಾರೆ, ಏನು ಹಾಕುವುದಿಲ್ಲ ಎಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. "ಅಕ್ಕಾ, ಏನಾಯ್ತು, ಮುಖ ಯಾಕೆ ಹಾಗಿದೆ?" ಎಂದು ಪಕ್ಕದವಳು ಕೇಳಿದಳು. ಇವಳು ಹೊದಿಕೆಯನ್ನು ಬುಟ್ಟಿಗೆ ಹಾಕಿ, ಪಾಳಿ ಮುಗಿಯುವುದನ್ನೇ ಕಾಯತೊಡಗಿದಳು.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಬಟ್ಟೆಯ ಚೀಲ ಬಿಚ್ಚಿದಳು. ತನ್ನ ಒರಟು ಬಟ್ಟೆಯನ್ನು ನೆಲದ ಮೇಲೆ ಹರಡಿ ಮೇಲೆ ಚೂರು ನೀರು ಬಿಟ್ಟಳು. ನೀರು ಬಿದ್ದಲ್ಲೇ ಮಾಯವಾಯಿತು. ಮಗಳ ಮೆತ್ತನೆ ಬಟ್ಟೆಯ ಮೇಲೆ ಬಿಟ್ಟಳು. ಹನಿ ಗುಂಡಗೆ ನಿಂತಿತು, ಬಟ್ಟೆ ಓರೆ ಮಾಡಿದರೆ ಉರುಳಿ ಅಂಚಿನಿಂದಾಚೆ ಹೋಯಿತು. ಮಗಳು ಹಾಸಿಗೆಯಲ್ಲಿ ಎದ್ದು ಕೂತು ನೋಡುತ್ತಿದ್ದಳು.

"ತಪ್ಪು ನಂದೇ ಕಣೇ" ಎಂದಳು ಉಳಿತಾಯಕ್ಕ. ನೆಲದಲ್ಲೇ ಕೂತು ಎಲ್ಲವನ್ನೂ ಹೇಳಿದಳು. ಕ್ಯಾನಿನ ತಳದಿಂದ ಬಸಿದದ್ದು, ನೆನೆಸಿದ್ದು, ಕೆನ್ನೆಗೆ ಒತ್ತಿಕೊಂಡದ್ದು, ಮೇಲ್ವಿಚಾರಕ ಕೂಗಾಡಿದ್ದು. "ನಿಂಗೆ ಒತ್ತಬಾರದು ಅಂತ ಮಾಡಿದೆ. ನೀನು ಸುಳ್ಳು ಹೇಳಿರಲಿಲ್ಲ. ನಾನೇ ಬಾಯಿಗೆ ಬಂದಂಗೆ ಅಂದ್ಬಿಟ್ಟೆ. ಕೇಳ್ಬೇಕಾಗಿತ್ತು ಅಂತ ಬೇರೆ ಅಂದೆ. ಕೇಳಿದ್ರೆ ಯಾವತ್ತಾದ್ರೂ ಇಲ್ಲ ಅಂದಿದ್ನಾ ನಾನು?"

ಮಗಳು ಹಾಸಿಗೆಯಿಂದ ಇಳಿದು ನೆಲದ ನೀರು ಒರೆಸಿದಳು. ಆಮೇಲೆ, ಸಿಟ್ಟೇನೂ ಇಲ್ಲದ ದನಿಯಲ್ಲಿ, "ಇಲ್ಲ ಅಂದಿಲ್ಲಮ್ಮ. ನೀನು ಉಸಿರು ಬಿಡ್ತಿದ್ದೆ" ಎಂದಳು.

"ಏನು?"

"ನಾನು ಮುಗೀತು ಅಂದ್ರೆ ಸಾಕು, ನೀನು ದೊಡ್ಡದಾಗಿ ಉಸಿರು ಬಿಟ್ಟು ಏಳ್ತಿದ್ದೆ. ಅದನ್ನ ಕೇಳಕ್ಕಾಗದೆ ನಾನು ಶಾಲೆಯಲ್ಲಿ ಒಂದನ್ನೇ ಬೆಳಿಗ್ಗೆಯಿಂದ ಸಂಜೆವರೆಗೂ ಇಟ್ಕೋತಿದ್ದೆ. ತೊಡೆಯೆಲ್ಲ ಕೆಂಪಾಗಿ ಉರಿಯೋದು. ಬೇಗ ಮುಗಿದುಹೋದ್ರೆ ಮತ್ತೆ ಕೇಳ್ಬೇಕಲ್ಲ. ನೀನು ಹೊಲಿದು ಕೊಟ್ಟಾಗ ಭಯ ಆದ್ರೂ ತಗೊಂಡೆ. ಇನ್ಮೇಲೆ ಕೇಳೋ ಹಾಗಿಲ್ಲ ಅಂತ ಖುಷಿಯಾಗಿತ್ತು."

ಹಾಗೊಂದು ಉಸಿರು ಬಿಡುತ್ತಿದ್ದೇನೆ ಎಂದೇ ಉಳಿತಾಯಕ್ಕನಿಗೆ ಗೊತ್ತಿರಲಿಲ್ಲ. ಸೊಂಟ ನೋವಿಗೆ, ಬಾಡಿಗೆಗೆ, ಹೋದ ಗಂಡನಿಗೆ, ಎಲ್ಲಕ್ಕೂ ಬಿಡುತ್ತಿದ್ದ ಉಸಿರು ಅದು. ಹುಡುಗಿ ಅದನ್ನು ತನ್ನ ಲೆಕ್ಕಕ್ಕೆ ಬರೆದುಕೊಂಡಿದ್ದಳು. ಆಮೇಲೆ ಉಳಿತಾಯಕ್ಕ ಇಳಿದು ಹೋಗಿ ಅಂಗಡಿಯಿಂದ ಪ್ಯಾಡಿನ ಪೊಟ್ಟಣ ತಂದು ಹಾಸಿಗೆಯ ಮೇಲಿಟ್ಟಳು. ಸೋಮವಾರ ಹೋಗು ಎಂದು ಮಾತ್ರ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಮಗಳು ತಾನೇ ಎದ್ದು, ಒಗೆದಿಟ್ಟ ಸಮವಸ್ತ್ರ ಇಸ್ತ್ರಿ ಮಾಡಿ ತೊಟ್ಟಳು. ಬಾಗಿಲಲ್ಲಿ ನಿಂತು ಅಮ್ಮನ ಕಡೆ ಬೆನ್ನು ತಿರುಗಿಸಿ, "ನೋಡು, ಸರಿಯಿದೆಯಾ?" ಎಂದು ಕೇಳಿದಳು. "ಸರಿಯಿದೆ" ಎಂದಳು ಅಮ್ಮ. ಹುಡುಗಿ ಮೆಟ್ಟಿಲಲ್ಲಿ ಒಂದು ಗಳಿಗೆ ನಿಂತದ್ದು, ಆಮೇಲೆ ಇಳಿದದ್ದು ಇವಳಿಗೆ ಒಳಗಿನಿಂದಲೇ ಕೇಳಿಸಿತು.

ಕೆಲಸ ಉಳಿಯಿತು, ಕೋಣೆಯೂ ಉಳಿಯಿತು. ಮೊದಲ ಸಂಬಳ ಬಂದ ದಿನ ಮಗಳು ಎರಡು ಪೊಟ್ಟಣ ತಂದು ಕನ್ನಡಿಯ ಪಕ್ಕದ ಗೂಡಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಎಣ್ಣೆ ಬಾಚಣಿಗೆಯ ಜೊತೆ ಇಟ್ಟಳು. ಅಮ್ಮನಿಗೆ "ಮುಗೀತು" ಎಂದು ಆಮೇಲೆ ಅವಳು ಯಾವತ್ತೂ ಹೇಳಲಿಲ್ಲ. ಉಳಿತಾಯಕ್ಕ ಮೆತ್ತನೆ ಬಟ್ಟೆಗಳನ್ನು ಸೋಡಾ ಹಾಕಿ ಮತ್ತೆ ಮತ್ತೆ ಕುದಿಸಿದಳು. ಜಿಡ್ಡು ಬಿಟ್ಟು ಅವು ಮೊದಲಿನಂತೆ ಒರಟಾದವು, ಹನಿ ಬಿಟ್ಟರೆ ತಟ್ಟನೆ ಹೀರುತ್ತಿದ್ದವು. ಈಗ ಸರಿಹೋಯಿತು ನೋಡು ಎಂದು ಮಗಳಿಗೆ ತೋರಿಸಲು ಮನಸ್ಸಾಯಿತು. ಯಾವ ಮುಖ ಇಟ್ಟುಕೊಂಡು ತೋರಿಸುವುದು ಎಂದು ಮಡಚಿ ತನ್ನ ಪೆಟ್ಟಿಗೆಗೇ ಹಾಕಿಕೊಂಡಳು.

ಒಂದು ದಿನ ಅವಳು ಹಗ್ಗದ ಮೇಲೆ ಆ ಬಟ್ಟೆಗಳನ್ನು ಹರವುತ್ತಿದ್ದಾಗ, ಕೆಲಸಕ್ಕೆ ಹೊರಟಿದ್ದ ಮಗಳು ಹಿಂದಿನಿಂದ ನೋಡಿ ನಿಂತಳು. ಸೊಂಟ ಹಿಡಿದುಕೊಂಡು, ಉಸಿರು ಬಿಡಲು ಹೋಗಿ, ಮಗಳಿರುವುದು ನೆನಪಾಗಿ ಉಳಿತಾಯಕ್ಕ ತುಟಿ ಬಿಗಿಹಿಡಿದಳು.

"ಅಮ್ಮ," ಎಂದಳು ಮಗಳು, ಗೂಡಿನ ಕಡೆ ಕೈ ತೋರಿಸಿ, "ನಿಂಗೂ ಬೇಕಾದಾಗ ತಗೋ. ಕೇಳ್ಬೇಕಾಗಿಲ್ಲ."

ಎಷ್ಟು ಸುಲಭದ ಮಾತು. ಅಷ್ಟು ವರ್ಷಗಳಲ್ಲಿ ಅದನ್ನು ತಾನು ಒಮ್ಮೆಯೂ ಆಡಿರಲಿಲ್ಲ ಎಂದುಕೊಳ್ಳುತ್ತ ಉಳಿತಾಯಕ್ಕ ಹಗ್ಗ ಹಿಡಿದುಕೊಂಡು ನಿಂತೇ ಇದ್ದಳು, ಮಗಳು ಬೀದಿಯ ತಿರುವು ದಾಟುವವರೆಗೂ.