ಸಣ್ಣ ಅಕ್ಕೋರು

ಮೊನ್ನೆ ಹಿತ್ತಲಲ್ಲಿ ಸಿಕ್ಕಾಪಟ್ಟೆ ಹಬ್ಬಿದ್ದ ತೊಂಡೆಬಳ್ಳಿ ಸವರುವಾಗ ಅಂಗೈಗೆಲ್ಲ ಹಸಿರು ಮೆತ್ತಿತು. ಮೂಗಿಗೆ ಹಿಡಿದೆ. ಆ ಒಗರು ವಾಸನೆಗೆ ಒಂದಿಷ್ಟು ಇದ್ದಿಲು ಸೇರಿದ್ದರೆ ನಮ್ಮ ಶಾಲೆಯ ಶನಿವಾರವೇ ಆಗುತ್ತಿತ್ತು. ತೊಂಡೆ ಎಲೆ, ಇದ್ದಿಲು ಅರೆದು ಬೋರ್ಡಿಗೆ ಬಳಿಯುವುದು ಹುಡುಗಿಯರ ಕೆಲಸ. ಹುಡುಗರು ಯಾಕೆ ಬಳಿಯುವುದಿಲ್ಲ ಎಂದು ಕೇಳಬೇಕು ಅನ್ನಿಸಿರಲಿಲ್ಲ. ಅಕ್ಕೋರು ಬಾಗಿಲಲ್ಲಿ ನಿಂತು, ಬಸ್ಸಿನ ಧೂಳನ್ನು ಸೆರಗಿನಿಂದ ಒರೆಸಿಕೊಳ್ಳುತ್ತ, "ಬೋರ್ಡಿನ ಮೂಲಿ ಬಿಟ್ಟೀರಿ ನೋಡ್ರವ್ವಾ" ಅನ್ನುತ್ತಿದ್ದರು.

ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಅಕ್ಕೋರು ಎಂದೇ ಕರೆಯುವುದು. ಇವರು ಮಾನ್ವಿಯವರು. ಎಪ್ಪತ್ತರ ದಶಕದ ಕೊನೆಗೆ ನಮ್ಮೂರಿಗೆ ಬಂದರು. ದೇವದುರ್ಗದಲ್ಲಿ ಮನೆ ಮಾಡಿಕೊಂಡು, ದಿನಾ ಜಾಲಹಳ್ಳಿ ಬಸ್ಸು ಹತ್ತಿ ಬಂದು ಇಳಿಯುತ್ತಿದ್ದರು. ಏಳನೇ ಕ್ಲಾಸಿನ ತನಕ ಇದ್ದ ಶಾಲೆ ಅದು. ಐದು ಮಂದಿ ಕಲಿಸಬೇಕಾದ ಕಡೆ ಇದ್ದವರು ಇಬ್ಬರು. ಸಣ್ಣ ಮಕ್ಕಳನ್ನು ನೋಡಿಕೊಳ್ಳಬೇಕಿದ್ದ ಹೆಡ್‌ಮಾಸ್ತರು, ಮಾಸ್ತರು ಬೇಕು ಎಂಬ ಅರ್ಜಿ ಹಿಡಿದು ದೇವದುರ್ಗಕ್ಕೆ, ಒಮ್ಮೊಮ್ಮೆ ರಾಯಚೂರಿಗೆ ಅಲೆಯುತ್ತಿದ್ದರು. ಮಾಸ್ತರನ್ನು ಕೇಳಲು ಹೋಗಿ ಇದ್ದ ಮಾಸ್ತರೂ ಇಲ್ಲದಂತಾಗುತ್ತಿತ್ತು. ಉಳಿದದ್ದೆಲ್ಲ ಅಕ್ಕೋರ ತಲೆಯ ಮೇಲೆ...

ನಾನು ಏಳನೇದಕ್ಕೆ ಬಂದ ವರ್ಷ ಅವರು ನನ್ನನ್ನು ಕರೆದು, "ನಾಲ್ಕು, ಐದು ಕೂಡೇ ಕುಂದ್ರಸೀನಿ. ನೀ ಹೋಗಿ ಮಗ್ಗಿ ಹೇಳಸಬೇ, ಈಗ ಬರ್ತೀನಿ" ಅಂದರು. ಆ 'ಈಗ' ಮಾರ್ಚ್ ತಿಂಗಳ ತನಕ ನಡೆಯಿತು. ನಾಲ್ಕನೇದರಲ್ಲಿ ನನ್ನ ತಂಗಿಯೂ ಇದ್ದಳು. ವಾರ ಕಳೆಯುವುದರೊಳಗೆ ಮಕ್ಕಳೆಲ್ಲ ನನ್ನನ್ನು ಸಣ್ಣ ಅಕ್ಕೋರು ಅನ್ನತೊಡಗಿದರು. ತಂಗಿಯಂತೂ ಮನೆಯಲ್ಲೂ ಹಾಗೇ ಕರೆದು ಅವ್ವನ ಕೈಲಿ ಬೈಸಿಕೊಳ್ಳುತ್ತಿದ್ದಳು. ಸುಳ್ಳು ಯಾಕೆ ಹೇಳಲಿ, ನಾನು ಉಬ್ಬಿಹೋಗಿದ್ದೆ.

ನಮ್ಮದು ಕೂಲಿ ಮಾಡುವವರ ಕೇರಿ. ಊರಿನ ದೊಡ್ಡ ಮನೆಯವರೊಬ್ಬರು ಶಾಲೆಗೇ ಬಂದು, "ಆ ಕೇರಿ ಹುಡುಗಿ ನಮ್ಮ ಹುಡುಗರಿಗೆ ಕಲಸೋದೇನ್ರೀ?" ಎಂದು ಕೇಳಿದರು. ಅಕ್ಕೋರು ದನಿ ಏರಿಸಲಿಲ್ಲ. "ಮೂರು ಕುರ್ಚಿ ಖಾಲಿ ಅದಾವ್ರೀ. ನೀವಾ ಒಬ್ಬ ಮಾಸ್ತರನ್ನ ಕರಕೊಂಡು ಬರ್ರಿ, ಆಗ ಆಕಿನ್ನ ಎಬ್ಬಸ್ತೀನಿ" ಅಂದರು. ಆ ಮನುಷ್ಯ ಮತ್ತೆ ಬರಲಿಲ್ಲ. ಮಾಸ್ತರೂ ಬರಲಿಲ್ಲ.

ಏಳನೇದರ ಪಬ್ಲಿಕ್ ಪರೀಕ್ಷೆಯಲ್ಲಿ ಗಣಿತದ ಪತ್ರಿಕೆ ಬಿಚ್ಚಿದರೆ ತುಂಬ ಬೀಜಗಣಿತ. ಗೋಡೆಯ ಆ ಕಡೆ ಅಕ್ಕೋರು ಬೀಜಗಣಿತ ಹೇಳಿಕೊಡುವಾಗ ನಾನು ಈ ಕಡೆ ಭಾಗಾಕಾರ ಹೇಳಿಕೊಡುತ್ತಿದ್ದೆ. ನನ್ನ ಕೈಯಲ್ಲಿ ಕಲಿತವರೆಲ್ಲ ಪಾಸು, ನಾನು ಫೇಲು. ಫೇಲಾದರೆ ಶಾಲೆ ಸಾಕು, ಹೊಲಕ್ಕೆ ನಡಿ ಎಂದು ಅವ್ವ ಮೊದಲೇ ಹೇಳಿಬಿಟ್ಟಿದ್ದಳು.

ಫಲಿತಾಂಶ ಬಂದ ದಿನ ಅಕ್ಕೋರು ನಮ್ಮ ಕೇರಿಗೆ ಬಂದರು. ಕಟ್ಟೆಯ ಮೇಲೆ ಕೂತು, ಅವ್ವ ಕೊಟ್ಟ ನೀರು ಕುಡಿದರು.

"ಯವ್ವಾ, ನಿನ್ನ ಮಗಳು ದಡ್ಡಿ ಅಲ್ಲ. ಆಕಿ ವರ್ಷಾ ನಾ ತಿಂದೀನಿ. ಇನ್ನೊಂದು ವರ್ಷ ಕಳಸು, ಪಾಸ್ ಮಾಡಸ್ತೀನಿ."

ಅವ್ವ ಖಾಲಿ ಚೊಂಬು ಇಸಿದುಕೊಂಡಳು. "ಒಂದಾ ವರ್ಷ ನೋಡ್ರೀ ಅಕ್ಕೋರ" ಅಂದಳು.

ಆ ವರ್ಷ ಅವರು ನನ್ನನ್ನು ಕಣ್ಣೆದುರಿಗೇ ಕೂಡಿಸಿಕೊಂಡರು. ಪಕ್ಕದ ಕೋಣೆಗೆ ಕಲಿಸುವವರು ಯಾರೂ ಇಲ್ಲ. ತಂಗಿ ಈಗ ಐದನೇದರಲ್ಲಿದ್ದಳು. ಗೋಡೆಯಾಚೆ ಬೆಳಗಿನಿಂದ ಸಂಜೆತನಕ ಗದ್ದಲ, ನಡುನಡುವೆ ಯಾರೋ ಅಳುವ ಸದ್ದು. ನಾನು ಏಳಲು ಹೋದರೆ, ಅಕ್ಕೋರು ಬೋರ್ಡಿನಿಂದ ತಿರುಗದೆಯೇ "ಕುಂದ್ರಬೇ" ಅನ್ನುತ್ತಿದ್ದರು. ಆರು, ಏಳು ಎರಡಕ್ಕೂ ಹೇಳಿ ಹೇಳಿ ಅವರ ದನಿ ಒಡೆದಿತ್ತು. ಒಂದು ಮಧ್ಯಾಹ್ನ ಸೀಮೆಸುಣ್ಣ ಹಿಡಿದುಕೊಂಡೇ ಕುರ್ಚಿಯಲ್ಲಿ ನಿದ್ದೆಹೋದರು. ನಾವು ಯಾರೂ ಎಬ್ಬಿಸಲಿಲ್ಲ...

ನಾನು ಪಾಸಾದೆ. ದೇವದುರ್ಗದಲ್ಲಿ ಹೈಸ್ಕೂಲು, ರಾಯಚೂರಿನಲ್ಲಿ ಶಿಕ್ಷಕರ ತರಬೇತಿ ಮುಗಿಸಿ, ನಾನೂ ಅಕ್ಕೋರಾಗಿ ದುಡಿದು ನಿವೃತ್ತಳಾದೆ. ನಾನು ಕೆಲಸ ಮಾಡಿದ ಶಾಲೆಗಳಲ್ಲೂ ಕುರ್ಚಿಗಳು ಖಾಲಿಯೇ ಇದ್ದವು, ಅದನ್ನು ಹೇಳಿ ಹೇಳಿ ನನಗೂ ಸಾಕಾಗಿದೆ. ನಾನು ಪಾಸಾದ ವರ್ಷವೇ ತಂಗಿಯನ್ನು ಹೇಗೋ ಆರನೇದಕ್ಕೆ ನೂಕಿದ್ದರು. ನಾನು ಕಲಿಸಿದ್ದ ಭಾಗಾಕಾರವೂ ಮರೆತುಹೋಗಿತ್ತು. ಎಲ್ಲರೂ ನಗುತ್ತಾರೆ ಎಂದು ಶಾಲೆ ಬಿಟ್ಟು ಅವ್ವನ ಜೊತೆ ಹೊಲದ ಕಸ ತೆಗೆಯಲು ಹೋದಳು.

ಅಕ್ಕೋರು ಮಾನ್ವಿಯಲ್ಲಿ ತೀರಿಕೊಂಡದ್ದು ನನಗೆ ಗೊತ್ತಾಗುವಷ್ಟರಲ್ಲಿ ತಿಂಗಳು ಕಳೆದಿತ್ತು. ಮಣ್ಣಿಗೂ ಹೋಗಲಾಗಲಿಲ್ಲ. ನಿವೃತ್ತಿಯಾದ ಮೇಲಾದರೂ ಒಮ್ಮೆ ಹೋಗಿ ಮಾತಾಡಿಸಿ ಬರಬೇಕಿತ್ತು, ಹೋಗಲಿಲ್ಲ. ತಂಗಿಗೆ ಫೋನು ಮಾಡಿ ಹೇಳಿದೆ.

"ಪಾಪ, ಛಲೋ ಮನಷ್ಯಾರು" ಅಂದಳು. ಆಮೇಲೆ, "ಯಕ್ಕಾ, ಒಂದು ಕೇಳಲೇನು? ಐದನೇದಾಗ ನಾವು ದಿನಾ ನಿನ್ನ ದಾರಿ ನೋಡ್ತಿದ್ವಿ. ನೀ ಯಾಕ ನಮ್ಮ ಕ್ಲಾಸಿಗೆ ಬರೋದು ಬಿಟ್ಟಿ?" ಎಂದು ಕೇಳಿದಳು.

ಮಾಸ್ತರಿರಲಿಲ್ಲ, ಅರ್ಜಿಗೆ ಉತ್ತರ ಬರಲಿಲ್ಲ, ಅಕ್ಕೋರು ಏಳಗೊಡಲಿಲ್ಲ ಎಂದು ಹೇಳಲು ಹೋದೆ. ಎಲ್ಲ ನಿಜವೇ. ಆದರೆ ಆಕೆ ಕೇಳಿದ್ದು ನನ್ನನ್ನು.

"ನಾ ಪಾಸ್ ಆಗಬೇಕಿತ್ತವ್ವಾ" ಅಂದೆ.

"ಹೂಂ," ಅಂದಳು ತಂಗಿ. "ಅದೂ ಖರೇನಾ ಅದ."