ಹನ್ನೊಂದು ಸಾಲಿನ ಸರಿ ಉತ್ತರ

ನಂಬದಿದ್ದರೆ ಬಿಡಿ, ನನ್ನ ಗಂಟೇನೂ ಹೋಗುವುದಿಲ್ಲ. ಆದರೆ ಉಂಡುತಿಂದು ಗಟ್ಟಿಮುಟ್ಟಾಗಿದ್ದ ಒಬ್ಬ ಮನುಷ್ಯ ಎಂಟು ವರ್ಷ ಮಾಯವಾಗಿದ್ದ ಎಂದರೆ ಮಾಯವಾಗಿದ್ದ. ಮಾಯ ಮಾಡಿದವಳು ಮಂತ್ರವಾದಿಯಲ್ಲ, ಅವನ ಸೊಸೆ. ಆ ಮಾವ ಯಾರೆಂದು ನನ್ನ ಮುಖ ನೋಡಿದರೆ ನಿಮಗೇ ತಿಳಿಯುತ್ತದೆ. ಹಾಗೆ ಹುಬ್ಬು ಹಾರಿಸಬೇಡಿ. ಮೊದಲು ಸೊಸೆಯ ಕೆಲಸ ಏನೆಂದು ಕೇಳಿ.

ಅವಳು ಡೇಟಾಬೇಸ್ ಸರ್ವರ್ ಮಾಡುವ ಕಂಪನಿಯಲ್ಲಿದ್ದಾಳೆ. ಲಕ್ಷಗಟ್ಟಲೆ ಮಾಹಿತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು, ಕೇಳಿದಾಗ ಕೇಳಿದ್ದನ್ನು ಕೊಡುವುದು ಆ ಸರ್ವರ್‌ನ ಕಸುಬು. ಅದರೊಳಗೊಂದು ತಪ್ಪು ಸಿಕ್ಕಿತು, ಯಾರೋ ತಿದ್ದಿದರು ಅನ್ನಿ. ಒಂದು ತೂತು ಮುಚ್ಚಲು ಹೋಗಿ ಇನ್ನೊಂದು ಕೊರೆದಿದ್ದಾರೋ ಏನೋ ಎಂದು ಹಳೆಯ ಪರೀಕ್ಷೆಗಳನ್ನೆಲ್ಲ ಮತ್ತೆ ಓಡಿಸಿ ನೋಡಬೇಕು. ಅದಕ್ಕೆ ಅವರು ರಿಗ್ರೆಷನ್ ಟೆಸ್ಟ್ ಅನ್ನುತ್ತಾರೆ. ಒಂಬತ್ತು ಸಾವಿರ ಟೆಸ್ಟು, ನಾಲ್ಕು ಗಂಟೆ ಓಟ. ಪಾಸಾದರೆ ಹಸಿರು, ಫೇಲಾದರೆ ಕೆಂಪು; ಒಂದು ಕೆಂಪಾದರೂ ಇವಳು ಬೇಡ ಅನ್ನುತ್ತಾಳೆ. ಇವಳು ಬೇಡ ಅಂದರೆ ಯಾವ ತಿದ್ದುಪಡಿಯೂ ಹೊಸಿಲು ದಾಟುವುದಿಲ್ಲ. ಆಫೀಸಿನಲ್ಲಿ ಅವಳಿಗೆ ಜರಡಿ ಎಂದೇ ಹೆಸರು. ಆ ಹೆಸರಿನ ಮೇಲೆ ಅವಳಿಗೆ ಒಳಗೊಳಗೇ ಪ್ರೀತಿ.

ಆ ನಾಲ್ಕು ಗಂಟೆ ಜರಡಿಗೆ ಕೂರಲಾಗುವುದಿಲ್ಲ. ಕುರ್ಚಿಯಲ್ಲಿ ಮುಳ್ಳಿದ್ದಂತೆ ಏಳುತ್ತಾಳೆ, ಕಿಟಕಿಯವರೆಗೆ ಹೋಗುತ್ತಾಳೆ, ನೀರಿನ ಯಂತ್ರದ ಹತ್ತಿರ ನಿಲ್ಲುತ್ತಾಳೆ, ನೀರು ಕುಡಿಯದೆ ವಾಪಸು ಬರುತ್ತಾಳೆ. ಅವಳು ನಡೆದ ದಾರಿಯನ್ನೆಲ್ಲ ಗಂಟು ಹಾಕಿದರೆ ಚಂದ್ರನಲ್ಲಿಗೆ ಹೋಗಿ, ಅಲ್ಲಿ ಚಪ್ಪಲಿ ಹೊಲಿಸಿಕೊಂಡು ಬರಬಹುದಿತ್ತು. ಟೆಸ್ಟ್ ಓಡಿಸುವ ಯಂತ್ರಗಳ ಬಿಸಿಗೆ ಒಮ್ಮೆ ಯಾರದೋ ನೆನೆದ ಛತ್ರಿ ಒಣಗಿ, ತಾನೇ ಬಿಚ್ಚಿಕೊಂಡು, ಇಬ್ಬರ ತಲೆಗೆ ಬಡಿಯಿತಂತೆ. ಅದನ್ನು ಬೇಕಾದರೆ ನಂಬಬೇಡಿ. ಮುಂದಿನದು ಸತ್ಯ.

ತಪ್ಪು ತಿದ್ದುವವರಲ್ಲಿ ಒಬ್ಬ ಹಿರಿಯ. ಇಪ್ಪತ್ತು ವರ್ಷದ ಅನುಭವ, ಎಲ್ಲಕ್ಕೂ ಗೊಣಗಾಟ, ಹಾಗಾಗಿ ಗೊಣಗಣ್ಣ. ಒಂದು ಗ್ರಂಥಾಲಯದಿಂದ ದೂರು ಬಂದಿತ್ತು: ಪ್ರಕಟವಾದ ವರ್ಷ ಗೊತ್ತಿಲ್ಲದ ಪುಸ್ತಕಗಳು ಕೆಲವು ಪಟ್ಟಿಗಳಿಂದ ಮಾಯವಾಗುತ್ತಿವೆ. ಗೊಣಗಣ್ಣ ಅದನ್ನು ತಿದ್ದಿಕೊಟ್ಟ. ಜರಡಿ ಟೆಸ್ಟ್ ಓಡಿಸಿದಳು. ನಾನೂರ ಹನ್ನೆರಡನೆಯದು ಕೆಂಪು. ಹನ್ನೊಂದು ಸಾಲು ಬರಬೇಕಾದಲ್ಲಿ ಹನ್ನೆರಡು ಬಂದಿದೆ. ತಿರಸ್ಕರಿಸಿದಳು. ಅವನು ಮತ್ತೆ ಕೊಟ್ಟ, ಮತ್ತೆ ಕೆಂಪು. ಮೂರನೆಯ ಸಲವೂ ಅದೇ.

"ಇಲ್ಲದ ಸಾಲನ್ನ ಎಲ್ಲಿಂದ ತರ್ತೀರಿ ನೀವು?" ಎಂದು ಕೇಳಿದಳು.

"ನಾನ್ಯಾಕೆ ತರ್ಲಿ, ಅದು ಅಲ್ಲೇ ಇರ್ಬೇಕು. ನಿಮ್ಮ ಟೆಸ್ಟನ್ನೇ ಒಂದ್ಸಲ ನೋಡಿ."

"ಎಂಟು ವರ್ಷದಿಂದ ಹಸಿರು ತೋರಿಸ್ತಿದೆ ಆ ಟೆಸ್ಟು."

"ಸರಿ ಬಿಡಿ. ನೀವು ಹಿಡಿದ ಮೊಲಕ್ಕೆ ಮೂರೇ ಕಾಲು."

ಮ್ಯಾನೇಜರ್ ಗೊಣಗಣ್ಣನ ಮೇಜಿನ ಬಳಿ ಬಂದು ಮೆಲ್ಲಗೆ ಹೇಳಿಹೋದರು: ಶುಕ್ರವಾರ ಮಧ್ಯಾಹ್ನದೊಳಗೆ ಹಸಿರಾಗದಿದ್ದರೆ ಈ ಕೆಲಸ ಬೇರೆಯವರಿಗೆ; ನೀವು ಕೈಪಿಡಿ ಬರೆಯುವ ವಿಭಾಗಕ್ಕೆ ಹೋಗಿ, ವಯಸ್ಸೂ ಆಯಿತು. ಇಪ್ಪತ್ತು ವರ್ಷ ಸರ್ವರ್‌ನ ಕರುಳಿಗೇ ಕೈ ಹಾಕಿದವನಿಗೆ ಕೈಪಿಡಿ ಬರೆ ಎನ್ನುವುದು ಬಾಣಸಿಗನನ್ನು ಎಲೆ ಎಣಿಸಲು ಕೂರಿಸಿದ ಹಾಗೆ. ಅವನು ಗೊಣಗಲಿಲ್ಲ. ಅದೇ ಜರಡಿಗೆ ಚುಚ್ಚಿತು. ಆ ದಿನ ಮನೆಗೆ ಬಂದು ನಿಂತೇ ಊಟ ಮಾಡಿದಳು, ಮಧ್ಯದಲ್ಲಿ ಎರಡು ಸಲ ಬಾಗಿಲವರೆಗೆ ನಡೆದಳು.

ಗುರುವಾರ ಬೆಳಗ್ಗೆ, ಅವನದೇ ತಪ್ಪೆಂದು ಒಮ್ಮೆಗೆ ಸಾಬೀತು ಮಾಡಿಬಿಡೋಣ ಎಂದು ನಾನೂರ ಹನ್ನೆರಡನ್ನು ಬಿಚ್ಚಿದಳು. ಅಷ್ಟು ದಿನ ಸಾಲುಗಳ ಸಂಖ್ಯೆ ನೋಡಿದ್ದಳೇ ಹೊರತು ಸಾಲುಗಳನ್ನು ನೋಡಿರಲಿಲ್ಲ. ಸರಿ ಉತ್ತರದ ಫೈಲನ್ನೂ ಗೊಣಗಣ್ಣನ ಉತ್ತರವನ್ನೂ ಕಾಗದಕ್ಕೆ ಇಳಿಸಿ ಅಕ್ಕಪಕ್ಕ ಇಟ್ಟಳು. ಹೆಚ್ಚಿಗೆ ಬಂದಿದ್ದ ಸಾಲು ಒಂದೇ: "ಮಾವ". ಹುಟ್ಟಿದ ದಿನ: ಖಾಲಿ.

ಆಗ ನೆನಪಾಯಿತು. ಎಂಟು ವರ್ಷದ ಹಿಂದೆ ಟೆಸ್ಟಿಗೆ ಒಂದಿಷ್ಟು ಜನ ಬೇಕಿತ್ತು, ಮನೆಯವರನ್ನೇ ತುಂಬಿಸಿದ್ದಳು. ಅತ್ತೆ, ಗಂಡ, ನಾದಿನಿ, ಚಿಕ್ಕಮ್ಮ, ಎಲ್ಲ ಸೇರಿ ಹನ್ನೆರಡು ಮಂದಿ. ಮಾವ ಹುಟ್ಟಿದ ದಿನ ಮಾವನಿಗೇ ಗೊತ್ತಿಲ್ಲ, ಖಾಲಿ ಬಿಟ್ಟಿದ್ದಳು. ಇವರನ್ನೆಲ್ಲ ವಯಸ್ಸಿನ ಕ್ರಮದಲ್ಲಿ ಕೊಡು ಎಂಬುದೇ ಪ್ರಶ್ನೆ. ಸರಿ ಉತ್ತರವನ್ನು ಯಾರೂ ಕೈಯಲ್ಲಿ ಬರೆಯುವುದಿಲ್ಲ ಆ ಕಸುಬಿನಲ್ಲಿ. ಸರ್ವರ್ ಆ ದಿನ ಏನು ಹೇಳುತ್ತದೋ ಅದನ್ನೇ ಓದಿ ನೋಡಿ, ಸರಿ ಎಂದು ಫೈಲಿಗೆ ಇಳಿಸುತ್ತಾರೆ. ಅವಳು ಓದಿರಲಿಲ್ಲ. ನಲವತ್ತು ಟೆಸ್ಟನ್ನು ಒಂದೇ ಏಟಿಗೆ ಇಳಿಸಿ ಬಸ್ಸು ಹಿಡಿದಿದ್ದಳು. ವರ್ಷವಿಲ್ಲದ ಪುಸ್ತಕಗಳನ್ನು ನುಂಗಿದ ಹಾಗೆಯೇ ಸರ್ವರ್ ಆಗಲೇ ಖಾಲಿ ದಿನದವನನ್ನು ನುಂಗಿತ್ತು. ಅಂದಿನಿಂದ ಯಾರು ಮಾವನನ್ನು ಹುಡುಕಿ ತಂದರೂ ಅವರೇ ತಪ್ಪಿತಸ್ಥರು. ಬೇಲಿಯೇ ಹೊಲ ಮೇಯುವುದು ಅಂದರೆ ಇದೇ.

ಹೋಗಿ ತಪ್ಪು ಒಪ್ಪಿಕೊಳ್ಳುವುದು ಒಂದು ದಾರಿ. ಇನ್ನೊಂದು ದಾರಿಯೂ ಇತ್ತು ನೋಡಿ. ಉತ್ತರ ಇಳಿಸುವ ಅದೇ ಆಜ್ಞೆಯನ್ನು ಗುಟ್ಟಾಗಿ ಮತ್ತೊಮ್ಮೆ ಒತ್ತಿದರೆ ಫೈಲಿನಲ್ಲೂ ಹನ್ನೆರಡು ಸಾಲಾಗುತ್ತದೆ, ಎಲ್ಲ ಹಸಿರು, ಗೊಣಗಣ್ಣ ನಾಲ್ಕನೆಯ ಸಲಕ್ಕೆ ಕೊನೆಗೂ ಸರಿಮಾಡಿದ ಅನ್ನಬಹುದು. ಜರಡಿಯ ಹೆಸರು ಜರಡಿಯಾಗಿಯೇ ಉಳಿಯುತ್ತಿತ್ತು. ಎದ್ದಳು. ಕಿಟಕಿ, ನೀರಿನ ಯಂತ್ರ, ಮೆಟ್ಟಿಲು. ಕೆಳಗಿಳಿದು ಬೀದಿಯ ತುದಿಯವರೆಗೆ ಹೋಗಿ, ಅಂಗಡಿಯೊಂದರ ಮುಂದೆ ಏನೂ ಕೊಳ್ಳದೆ ನಿಂತು, ತಿರುಗಿ ಬಂದಳು. ಎರಡು ಹಾಳೆಯೂ ಕೈಯಲ್ಲೇ ಇದ್ದವು, ಬೆವರಿಗೆ ಒದ್ದೆಯಾಗಿ.

ಗೊಣಗಣ್ಣ ಶುಕ್ರವಾರಕ್ಕೂ ಕಾಯದೆ ತನ್ನ ಡ್ರಾಯರ್ ಖಾಲಿ ಮಾಡುತ್ತಿದ್ದ. ಮ್ಯಾನೇಜರ್ ಪಕ್ಕದಲ್ಲೇ ಇದ್ದರು.

"ಅವರದ್ದು ಮೊದಲನೇ ಸಲಾನೇ ಸರಿಯಿತ್ತು ಸರ್," ಎಂದಳು ಜರಡಿ. "ತಪ್ಪು ಉತ್ತರನ ಸರಿ ಅಂತ ಇಟ್ಟೋಳು ನಾನು. ಎಂಟು ವರ್ಷದ ಹಿಂದೆ."

ಮ್ಯಾನೇಜರ್ ಹಾಳೆ ನೋಡಿದರು. "ಯಾರ್ರೀ ಇದು, ಮಾವ?"

"ನಮ್ಮ ಮಾವ."

"ಇದಾರಾ?"

"ಇದಾರೆ ಸರ್. ಚೆನ್ನಾಗಿ ಊಟ ಮಾಡ್ಕೊಂಡಿದಾರೆ."

ಗೊಣಗಣ್ಣ ಡ್ರಾಯರಿನಿಂದ ತೆಗೆದದ್ದನ್ನೆಲ್ಲ ಒಂದೊಂದಾಗಿ ಒಳಗಿಟ್ಟ. ಆಮೇಲೆ ಕನ್ನಡಕ ಒರೆಸುತ್ತಾ ಒಂದೇ ಮಾತು ಕೇಳಿದ.

"ಮೇಡಂ, ಹಾಗೆ ಓದದೇ ಇಳಿಸಿದ್ದು ಇನ್ನೂ ಎಷ್ಟಿವೆ?"

ಅವನ ತಿದ್ದುಪಡಿ ಶುಕ್ರವಾರ ಗ್ರಂಥಾಲಯಕ್ಕೆ ಹೊರಟುಹೋಯಿತು, ಅವನು ತನ್ನ ಜಾಗದಲ್ಲೇ ಉಳಿದು ಈಗ ಎರಡರಷ್ಟು ಗೊಣಗುತ್ತಿದ್ದಾನೆ. ಜರಡಿ ಮಾತ್ರ ತನ್ನ ಹೆಸರಿನಲ್ಲಿರುವ ಎರಡು ಸಾವಿರದ ಮುನ್ನೂರು ಫೈಲನ್ನೂ ಕಣ್ಣಾರೆ ಓದುತ್ತೇನೆಂದು ತಾನಾಗಿಯೇ ಬರೆದುಕೊಟ್ಟಳು. ಮನೆಗೂ ಕಟ್ಟು ಕಟ್ಟು ಹಾಳೆ ತರುತ್ತಾಳೆ. ನಡೆಯುತ್ತಾ ಓದುತ್ತಾಳೆ, ಗೋಡೆ ಬಂದರೆ ತಿರುಗುತ್ತಾಳೆ. ಸಾಲು ಎಣಿಸಲು ಮಾವನನ್ನೂ ಕೂರಿಸಿದ್ದಾಳೆ. ಮೊನ್ನೆ ಇನ್ನೊಂದು ಸಿಕ್ಕಿತು. ಅದರಲ್ಲಿ ಯಾರು ಮಾಯವಾಗಿದ್ದರು ಅಂತೀರಿ, ಒಂದು ಇಡೀ...

"ರೀ, ತಟ್ಟೆ ಹಾಕಿ ಎಷ್ಟೊತ್ತಾಯ್ತು? ಬನ್ನಿ ಊಟಕ್ಕೆ. ಅವಳನ್ನೂ ಕರ್ಕೊಂಡು ಬನ್ನಿ, ಆ ಹಾಳೆ ಕಿತ್ತಿಟ್ಟು. ಇವತ್ತಾದ್ರೂ ಕೂತು ಉಣ್ಲಿ."