ಗೋಡೆ ಕಡೆಯ ಮುಖ

ಚನ್ನಪಟ್ಟಣದಲ್ಲಿ ಮೂವತ್ತು ವರ್ಷ ಗೊಂಬೆಗಳ ತಲೆ ಕಡೆದ ಮುಕ್ತಿಯಾರ್ ಸಾಬರು ಈಗ ಗೊಂಬೆ ಕೇಳುವವರಿಲ್ಲದೆ ಮನೆಯಲ್ಲೇ ಕರ್ಟನ್ ರಾಡಿನ ತುದಿಗೆ ಸಿಕ್ಕಿಸುವ ಮರದ ಗುಂಡು ಕಡೆಯುತ್ತಾರೆ. ಅರಗಿನ ಬಣ್ಣ ಹಚ್ಚಿ, ತಾಳೆಗರಿಯಲ್ಲಿ ತಿಕ್ಕಿ, ಸೊಂಟ ಹಿಡಿದುಕೊಂಡು ಕೊಂಡವರ ಮನೆಗೆ ತಾವೇ ಬಂದು ಕೂರಿಸುತ್ತಾರೆ. ಸ್ಟೂಲ್ ಹತ್ತುವಾಗ ಒಂದು ‘ಯಾ ಅಲ್ಲಾ’, ಇಳಿಯುವಾಗ ಎರಡು. ಊರಿನ ಕಿಟಕಿಗಳೆಲ್ಲ ತಮ್ಮನ್ನು ದಣಿಸಲೆಂದೇ ಅಷ್ಟೆತ್ತರದಲ್ಲಿವೆ ಎಂಬುದು ಅವರ ದೂರು. ನಮ್ಮ ಮನೆಯ ಕಿಟಕಿಗೆ ಕೂರಿಸಿದ ಗುಂಡನ್ನು ನಾನು ತಿರುಗಿಸಿ ನೋಡಹೋದರೆ, “ಮುಟ್ಬ್ಯಾಡಿ ಅಕ್ಕ, ಗೋಡೆ ಕಡೆ ಇರೋದು ಅಂಗೇ ಇರ್ಲಿ ಬುಡಿ” ಎಂದು ಸುಸ್ತಾದ ದನಿಯಲ್ಲಿ ತಡೆಯುತ್ತಾರೆ. ಮೊನ್ನೆ ಗೋಡೆಗೆ ಬಣ್ಣ ಹೊಡೆಸಲು ರಾಡ್ ಇಳಿಸಿದೆ. ಎರಡು ಗುಂಡುಗಳಿಗೂ ಹಿಂಬದಿಯಲ್ಲಿ ಪುಟ್ಟ ಮೂಗು, ಬಾಯಿ ಬರೆದಿದ್ದಾರೆ. ಕಣ್ಣು ಮುಚ್ಚಿಸಿ, ಗೋಡೆಗೆ ಮುಖ ಮಾಡಿ ಮಲಗಿಸಿದ್ದಾರೆ.